‘ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ’: ಹಿರಿಯರ ಜೊತೆ ಹಂಪಿ ನೋಡುವ ಲೆಕ್ಕ

ಹಂಪಿ ಬಜಾರಿನ ಸಾಲುಮಂಟಪದ ಕಂಬಕ್ಕೆ ಒರಗಿಕೊಂಡು ಅಮ್ಮ ಈ ಮಾತು ಹೇಳಿದಾಗ ಬೆಳಗ್ಗೆ ಹತ್ತೂಕಾಲು. ವಿರೂಪಾಕ್ಷನ ದರ್ಶನ ಆಗಿತ್ತು. ಮುಂದೆ ಏಕಶಿಲಾ ನಂದಿ, ಅದರಾಚೆ ಅಚ್ಯುತರಾಯನ ಗುಡಿ, ಅಲ್ಲಿಂದ ಹೊಳೆ ದಂಡೆ ಹಿಡಿದು ವಿಠ್ಠಲ ದೇವಸ್ಥಾನ ಅಂತ ನಾನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮ್ಯಾಪಿನಲ್ಲಿ ನೋಡಿದರೆ ಎಲ್ಲಾ ಸೇರಿ ಮೂರು ಕಿಲೋಮೀಟರ್ ಒಳಗೇ ಇತ್ತು. ಅಮ್ಮನಿಗೆ 71 ವರ್ಷ. ಊರಲ್ಲಿ ದಿನಾ ಪಾರ್ಕಿನಲ್ಲಿ ಮೂರು ಸುತ್ತು ಹಾಕುವವರು. ಅವರಿಗೆ ಇದೇನು ಮಹಾ ಅಂದುಕೊಂಡಿದ್ದೆ.

ನಮ್ಮ ಹಿರಿಯರು ‘ನನಗೆ ಸುಸ್ತಾಯ್ತು’ ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ‘ನಾನು ಚಪ್ಪಲಿ ಕಾಯ್ತೀನಿ’ ಅನ್ನುತ್ತಾರೆ. ‘ಬ್ಯಾಗ್ ನೋಡ್ಕೋತೀನಿ’ ಅನ್ನುತ್ತಾರೆ. ‘ಮದುವೆಯಾದ ಹೊಸದರಲ್ಲಿ ನೋಡಿದೀನಿ ಬಿಡು’ ಅನ್ನುತ್ತಾರೆ. ಎಲ್ಲದರ ಅರ್ಥವೂ ಒಂದೇ. ಪ್ಲಾನ್ ಮಾಡಿದವರು ಲೆಕ್ಕ ತಪ್ಪಿದ್ದಾರೆ.

ಇದು ಈಗ ಬಹಳ ಮನೆಗಳ ವಿಷಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ, ಬಸ್ಸಿನ ಖರ್ಚು ನೋಡಿ ಮನೆಯಲ್ಲೇ ಉಳಿಯುತ್ತಿದ್ದ ಎಷ್ಟೋ ಅಜ್ಜಿಯರು ಊರೂರು ನೋಡಲು ಹೊರಟಿದ್ದಾರೆ. ರಜೆ ಸಿಕ್ಕಾಗ ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಮಕ್ಕಳೂ ಜಾಸ್ತಿ. ಊರು ತಲುಪುವುದು ಸುಲಭವಾಗಿದೆ. ಬಸ್ಸೋ ಕಾರೋ ನಿಂತ ಮೇಲೆ ಮುಂದಿನ ಎರಡು ಗಂಟೆ ಹೇಗೆ ನಡೆಯಬೇಕು ಅನ್ನುವುದನ್ನು ಮಾತ್ರ ಯಾರೂ ಯೋಚಿಸಿರುವುದಿಲ್ಲ. ಆ ಎರಡು ಗಂಟೆಯ ಲೆಕ್ಕ ಹೇಗೆ ಹಾಕುವುದು ಅಂತ ಹಂಪಿಯನ್ನೇ ಇಟ್ಟುಕೊಂಡು ನೋಡೋಣ.

ಕಿಲೋಮೀಟರ್ ಯಾಕೆ ಮೋಸ ಮಾಡುತ್ತದೆ

ಪಾರ್ಕಿನ ಒಂದು ಕಿಲೋಮೀಟರಿಗೂ ಹಂಪಿಯ ಒಂದು ಕಿಲೋಮೀಟರಿಗೂ ತುಂಬಾ ವ್ಯತ್ಯಾಸ. ಪಾರ್ಕಿನಲ್ಲಿ ನೆಲ ಸಮ, ಬೆಳಗಿನ ತಂಪು, ನೂರು ಹೆಜ್ಜೆಗೊಂದು ಕಲ್ಲುಬೆಂಚು, ಕಾಲಿಗೆ ರೂಢಿಯಾದ ದಾರಿ. ಎಲ್ಲಕ್ಕಿಂತ ಮುಖ್ಯ, ಸಾಕು ಅನ್ನಿಸಿದರೆ ಐದು ನಿಮಿಷಕ್ಕೆ ಮನೆ. ಹಂಪಿಯಲ್ಲಿ ಇದರಲ್ಲಿ ಒಂದೂ ಇಲ್ಲ. ಚಪ್ಪಡಿ ಕಲ್ಲು ಏರುಪೇರು, ಮಧ್ಯೆ ಮಧ್ಯೆ ಮರಳು, ನೆರಳು ಅಲ್ಲೊಂದು ಇಲ್ಲೊಂದು.

ಚಾರಣ ಮಾಡುವವರಿಗೆ ಇದು ಹಳೇ ವಿಷಯ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ ಒಂದು ಸರಳ ಲೆಕ್ಕ ಹೇಳಿದ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿದರೆ ಇನ್ನೊಂದು ಗಂಟೆ. ಅಂದರೆ ದೂರದ ಲೆಕ್ಕ ಬೇರೆ, ಏರಿನ ಲೆಕ್ಕ ಬೇರೆ, ಎರಡನ್ನೂ ಕೂಡಬೇಕು. ಅದು ಗಟ್ಟಿಮುಟ್ಟಾದ ಚಾರಣಿಗರಿಗೆ ಮಾಡಿದ ಲೆಕ್ಕ. ನಮ್ಮ ಹಿರಿಯರಿಗಾದರೆ ಕೂಡಬೇಕಾದ್ದು ಇನ್ನೂ ಇದೆ: ನಿಂತ ಹೊತ್ತು, ಇಳಿದ ಮೆಟ್ಟಿಲು, ಬಿಸಿಲು, ಮತ್ತೆ ವಾಪಸ್ ಬರುವ ದಾರಿ.

ವಾಪಸ್ ದಾರಿಯನ್ನು ಬಹಳ ಜನ ಮರೆಯುತ್ತಾರೆ. ಹಂಪಿ ಬಜಾರು ಉದ್ದಕ್ಕೆ ಸುಮಾರು ಮುಕ್ಕಾಲು ಕಿಲೋಮೀಟರ್. ಕೊನೆಯ ನಂದಿಯವರೆಗೆ ಹೋದವರು ಅಷ್ಟೇ ದೂರ ತಿರುಗಿ ಬರಬೇಕು. ಅಲ್ಲಿಗೆ ಒಂದೂವರೆ ಕಿಲೋಮೀಟರ್ ಆಯಿತು. ಹೋಗುವಾಗ ಹುಮ್ಮಸ್ಸು ಇರುತ್ತದೆ, ಬರುವಾಗ ಬಿಸಿಲು ಏರಿರುತ್ತದೆ.

ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ

‘ಅಷ್ಟೇನೂ ನಡೆದೇ ಇಲ್ವಲ್ಲ, ಆಗ್ಲೇ ಸುಸ್ತಾ?’ ಅಂತ ಕೇಳುವವರು ಈ ಒಂದು ವಿಷಯ ತಿಳಿದುಕೊಳ್ಳಬೇಕು.

ರಕ್ತವನ್ನು ಕಾಲಿನ ಕಡೆಗೆ ತಳ್ಳುವುದು ಹೃದಯ. ಕೆಳಗಿಳಿದ ರಕ್ತ ಮೇಲೆ ಬರಬೇಕಲ್ಲ? ಅದರಲ್ಲಿ ದೊಡ್ಡ ಪಾಲು ಮೀನಖಂಡದ್ದು. ನಡೆಯುವಾಗ ಮೀನಖಂಡ ಒಂದೊಂದು ಹೆಜ್ಜೆಗೂ ಬಿಗಿದು ಸಡಿಲವಾಗುತ್ತದೆ. ಕೈಪಂಪು ಒತ್ತಿದಂತೆ ರಕ್ತ ಮೇಲೇರುತ್ತದೆ. ಒಂದೇ ಕಡೆ ನಿಂತುಬಿಟ್ಟರೆ ಪಂಪು ನಿಂತಂತೆ. ರಕ್ತ ಕಾಲಲ್ಲೇ ತಂಗುತ್ತದೆ. ಪಾದ ಊದಿಕೊಳ್ಳುತ್ತದೆ, ಸೊಂಟ ಹಿಡಿಯುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ. ಬಿಪಿ ಮಾತ್ರೆ ತಗೊಳ್ಳುವವರಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳಬಹುದು.

ಈಗ ಪ್ರವಾಸದಲ್ಲಿ ನಾವು ಏನು ಮಾಡುತ್ತೇವೆ ನೋಡಿ. ಟಿಕೆಟ್ ಸಾಲಲ್ಲಿ ನಿಲ್ಲುತ್ತೇವೆ. ದರ್ಶನದ ಸಾಲಲ್ಲಿ ನಿಲ್ಲುತ್ತೇವೆ. ಗೈಡ್ ಬಿಸಿಲಲ್ಲಿ ನಿಲ್ಲಿಸಿ ಕೃಷ್ಣದೇವರಾಯನ ಕಥೆ ಹೇಳುತ್ತಾನೆ, ಇಪ್ಪತ್ತು ನಿಮಿಷ. ಫೋಟೋಗೆ ನಿಲ್ಲುತ್ತೇವೆ, ‘ಇನ್ನೊಂದ್ಸಲ ಅಮ್ಮ, ಕಣ್ಣು ಮುಚ್ಬಿಟ್ರಿ’ ಅಂತ ಮತ್ತೆ ನಿಲ್ಲಿಸುತ್ತೇವೆ. ಒಂದು ಗಂಟೆಯಲ್ಲಿ ನಡೆದದ್ದು ಹದಿನೈದು ನಿಮಿಷ, ನಿಂತದ್ದು ಮುಕ್ಕಾಲು ಗಂಟೆ.

ಪರಿಹಾರ ಕಷ್ಟದ್ದೇನಲ್ಲ. ಸಾಲಿನಲ್ಲಿ ಕಿರಿಯರೊಬ್ಬರು ನಿಲ್ಲಲಿ, ಹಿರಿಯರು ಕೂತಿರಲಿ. ಗೈಡ್‌ಗೆ ಮೊದಲೇ ಹೇಳಿಬಿಡಿ: ‘ಕಥೆಯೆಲ್ಲ ನೆರಳಲ್ಲಿ, ಕೂತ ಮೇಲೆ ಹೇಳಿ’. ಮಡಚುವ ಸ್ಟೂಲ್ ಒಂದನ್ನು ಯಾರಾದರೂ ಹೆಗಲಿಗೆ ಹಾಕಿಕೊಳ್ಳಿ. ಮೊದಲು ನನಗೂ ಮುಜುಗರ ಆಗಿತ್ತು, ಮದುವೆ ಮನೆಗೆ ಕುರ್ಚಿ ಹೊತ್ತುಕೊಂಡು ಹೋದ ಹಾಗೆ. ಈಗ ಅದು ನೀರಿನ ಬಾಟಲಿಯಷ್ಟೇ ಮಾಮೂಲು.

ಹತ್ತುವುದು ಎದೆಗೆ, ಇಳಿಯುವುದು ಮಂಡಿಗೆ

‘ಮೇಲೆ ಕಾರಲ್ಲಿ ಹೋಗೋಣ, ಬರ್ತಾ ಮೆಟ್ಟಿಲು ಇಳಿದು ಬರೋಣ, ಇಳಿಯೋದೇನು ಸುಲಭ’ ಅನ್ನುವ ಮಾತು ಚಾಮುಂಡಿ ಬೆಟ್ಟದ ವಿಷಯದಲ್ಲಿ ಬಹಳ ಕೇಳಿದ್ದೇನೆ. ಸುಮಾರು ಸಾವಿರ ಮೆಟ್ಟಿಲು. ಇಳಿಯುವಾಗ ಏದುಸಿರು ಬರುವುದಿಲ್ಲ ಅನ್ನುವುದು ನಿಜ. ಮಂಡಿಯ ಕಥೆ ಬೇರೆ.

ಕೃತಕ ಮಂಡಿಯೊಳಗೆ ಅಳತೆಯ ಸಾಧನ ಇಟ್ಟು ನೋಡಿದ ಅಧ್ಯಯನಗಳಿವೆ. ಸಮ ನೆಲದ ಮೇಲೆ ನಡೆಯುವಾಗ ಮಂಡಿಯ ಮೇಲೆ ಬೀಳುವ ಹೊರೆ ಮೈತೂಕದ ಸುಮಾರು ಎರಡೂವರೆ ಪಟ್ಟು. ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗೂ ಸ್ವಲ್ಪ ಜಾಸ್ತಿ. ಇಳಿಯುವಾಗ ಹತ್ತಿರ ಹತ್ತಿರ ಮೂರೂವರೆ ಪಟ್ಟು. 60 ಕಿಲೋ ತೂಗುವ ಅಮ್ಮ ಒಂದೊಂದು ಮೆಟ್ಟಿಲು ಇಳಿದಾಗಲೂ ಮಂಡಿ 200 ಕಿಲೋ ತಡೆದುಕೊಳ್ಳುತ್ತದೆ. ಎರಡು ಮೂಟೆ ಸಿಮೆಂಟ್ ನೂರು ಕಿಲೋ, ಅಂದರೆ ನಾಲ್ಕು ಮೂಟೆ.

ಇನ್ನೊಂದು ತೊಂದರೆಯೂ ಇದೆ. ಇಳಿಯುವಾಗ ತೊಡೆಯ ಸ್ನಾಯು ಎಳೆತಕ್ಕೆ ಸಿಕ್ಕೇ ಮೈಭಾರ ತಡೆಯಬೇಕು. ಅಭ್ಯಾಸ ಇಲ್ಲದಿದ್ದರೆ ಅದರ ನೋವು ಅವತ್ತೇ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ಬರುತ್ತದೆ. ಮೊದಲ ದಿನ ಮಾಡಿದ ಸಾಲಕ್ಕೆ ಮೂರನೇ ದಿನ ವಸೂಲಿ. ‘ನಿನ್ನೆ ಚೆನ್ನಾಗೇ ಇದ್ರಲ್ಲ’ ಅಂತ ನಾವು ಆಶ್ಚರ್ಯ ಪಡುವುದು ಇದಕ್ಕೇ. ಹಾಗಾಗಿ ಮೆಟ್ಟಿಲಿರುವ ಜಾಗವನ್ನು ಪ್ರವಾಸದ ಕೊನೆಗೆ ಇಡಿ, ಅಥವಾ ಅದಾದ ಮರುದಿನ ಖಾಲಿ ಬಿಡಿ.

ಮೆಟ್ಟಿಲು ಅನಿವಾರ್ಯವಾದರೆ ಒಂದು ಉಪಾಯ. ಹತ್ತುವಾಗ ಗಟ್ಟಿ ಇರುವ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ಯಾಕೆ ಅಂದರೆ ಎರಡೂ ಸಲ ಭಾರ ಎತ್ತುವುದು, ಇಳಿಸುವುದು ಮೇಲಿನ ಮೆಟ್ಟಿಲ ಮೇಲಿರುವ ಕಾಲು. ಆ ಕೆಲಸ ಗಟ್ಟಿ ಕಾಲಿಗೇ ಬರಬೇಕು. ಕೋಲು ಹಿಡಿಯುವವರು ಬಲ ಮಂಡಿ ನೋವಿದ್ದರೆ ಎಡಗೈಯಲ್ಲಿ ಹಿಡಿಯಬೇಕು. ಸಿನಿಮಾದಲ್ಲಿ ಎಷ್ಟೋ ಸಲ ನೋವಿರುವ ಕಡೆಯೇ ಹಿಡಿದಿರುತ್ತಾರೆ, ಅದನ್ನು ನೋಡಿ ಕಲಿಯಬೇಡಿ. ಕೈ ಕೆಳಗೆ ಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮ ಇದ್ದರೆ ಎತ್ತರ ಸರಿ ಇದೆ ಅಂತ.

ಮೆಟ್ಟಿಲ ಸಂಖ್ಯೆ ಕೇಳಿದಾಗ ಅಂದಾಜು ಸಿಗಲು ಮಹಡಿಗೆ ತಿರುಗಿಸಿ ನೋಡಿ. ನಮ್ಮ ಮನೆಗಳಲ್ಲಿ ಒಂದು ಮಹಡಿಗೆ 18–20 ಮೆಟ್ಟಿಲು. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಜಾಸ್ತಿ, ಅಂದರೆ ಮೂವತ್ತು ಮಹಡಿ, ಅದೂ ಬಂಡೆಯಲ್ಲಿ ಕೊರೆದದ್ದು, ಬರಿಗಾಲಲ್ಲಿ. ಆನೆಗೊಂದಿ ಕಡೆಯ ಅಂಜನಾದ್ರಿಗೆ ಸುಮಾರು 575, ಇಪ್ಪತ್ತೆಂಟು ಮಹಡಿ ಅಂದುಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಕೆಟ್ಟಾಗ ಮೂರನೇ ಮಹಡಿಗೆ ಎರಡು ಸಲ ನಿಂತು ಹತ್ತುವವರನ್ನು ‘ನಿಧಾನಕ್ಕೆ ಹತ್ತಬಹುದು ಬನ್ನಿ’ ಅಂತ ಕರೆಯುವ ಮುಂಚೆ ಈ ಲೆಕ್ಕ ನೆನಪಿರಲಿ. ವಿಂಧ್ಯಗಿರಿಯಲ್ಲಿ ಡೋಲಿ ಸಿಗುತ್ತದೆ. ಅದರಲ್ಲಿ ಕೂರುವುದರಲ್ಲಿ ನಾಚಿಕೆಯೇನೂ ಇಲ್ಲ.

ಒಂದು ದಮ್ಮು ಅಂದರೆ ಎಷ್ಟು

‘ಒಂದೇ ದಮ್ಮಿಗೆ ಮುಗಿಸಿದ’ ಅನ್ನುತ್ತೇವಲ್ಲ, ಆ ಮಾತನ್ನೇ ನಾನು ಅಳತೆಯಾಗಿ ಮಾಡಿಕೊಂಡಿದ್ದೇನೆ. ಒಬ್ಬರು ಆರಾಮಾಗಿ ನಡೆಯುತ್ತಾ ಹೋಗಿ, ‘ಎಲ್ಲಾದ್ರೂ ಕೂರೋಣ್ವಾ’ ಅಂತ ಕಣ್ಣಲ್ಲೇ ಜಾಗ ಹುಡುಕುವವರೆಗಿನ ಹೊತ್ತು ಒಂದು ದಮ್ಮು.

ಇದನ್ನು ಕೇಳಿ ತಿಳಿಯಲು ಆಗುವುದಿಲ್ಲ. ‘ಎಷ್ಟು ದೂರ ನಡೀತೀರಾ?’ ಅಂದರೆ ದೊಡ್ಡಪ್ಪ ‘ನಾನು ಆ ಕಾಲದಲ್ಲಿ ಹತ್ತು ಮೈಲಿ ನಡೆದು ಸ್ಕೂಲಿಗೆ ಹೋದವನು’ ಅನ್ನುತ್ತಾರೆ. ಜೊತೆಗೆ ಹೋಗಿಯೇ ನೋಡಬೇಕು. ಹೊರಡಲು ಒಂದು ತಿಂಗಳಿರುವಾಗ ಮಾರ್ಕೆಟ್ಟಿಗೆ, ಹತ್ತಿರದ ದೇವಸ್ಥಾನಕ್ಕೆ ಅವರ ಜೊತೆ ನಡೆಯಿರಿ. ಗಡಿಯಾರವನ್ನು ಅವರಿಗೆ ಕಾಣದ ಹಾಗೆ ನೋಡಿ. ನಡೆಯುತ್ತಾ ಅವರು ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಿದ್ದರೆ ವೇಗ ಸರಿ ಇದೆ. ಎರಡು ಮೂರು ಪದಕ್ಕೊಮ್ಮೆ ಉಸಿರು ಎಳೆಯುತ್ತಿದ್ದರೆ ಜಾಸ್ತಿಯಾಯಿತು. ಮಾತಾಡುತ್ತಿದ್ದವರು ಸುಮ್ಮನಾದರೆ ಅದೂ ಒಂದು ಗುರುತು.

ನಮ್ಮ ಅಮ್ಮನದು ಊರಲ್ಲಿ 20 ನಿಮಿಷ. ದೊಡ್ಡಪ್ಪನದು 12. ಬೇರೆ ಊರಿನಲ್ಲಿ, ಏರುಪೇರು ಕಲ್ಲಿನ ಮೇಲೆ, ಬಿಸಿಲಲ್ಲಿ ಇದು ಅರ್ಧಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಇದು ವೈದ್ಯರ ಸೂತ್ರವಲ್ಲ, ಮನೆಯ ಅಂದಾಜು. ಆದರೆ ನನಗೆ ಇದುವರೆಗೂ ಕೈ ಕೊಟ್ಟಿಲ್ಲ. ನೋಡುತ್ತಾ, ನಿಲ್ಲುತ್ತಾ ನಡೆಯುವವರ ವೇಗ ಗಂಟೆಗೆ ಎರಡು ಕಿಲೋಮೀಟರ್ ಸುತ್ತಮುತ್ತ. ಹತ್ತು ನಿಮಿಷದ ದಮ್ಮು ಅಂದರೆ ಸುಮಾರು 300 ಮೀಟರ್. ಆರು ನಿಮಿಷದ್ದಾದರೆ 200. ಗುಂಪಿನಲ್ಲಿ ಯಾರ ದಮ್ಮು ಚಿಕ್ಕದೋ ಅದೇ ಎಲ್ಲರ ಅಳತೆ.

ಆಮೇಲಿನ ಕೆಲಸ ಸುಲಭ. ದಾರಿಯನ್ನು ದಮ್ಮಿನಷ್ಟು ಉದ್ದದ ತುಂಡು ಮಾಡಿ. ಪ್ರತಿ ತುಂಡಿನ ಕೊನೆಗೆ ಕೂರಲು ಜಾಗ ಇದೆಯಾ ನೋಡಿ. ಹಿಂದೆ ನಮ್ಮ ಕಾಲುದಾರಿಗಳಲ್ಲಿ ಹೊರೆಗಲ್ಲು ಇರುತ್ತಿತ್ತು. ತಲೆ ಮೇಲಿನ ಹೊರೆಯನ್ನು ಯಾರ ಸಹಾಯವೂ ಇಲ್ಲದೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ಹೊತ್ತುಕೊಳ್ಳಲು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲು. ಊರ ಮುಂದೆ ಅರಳಿಕಟ್ಟೆ, ಬೇಸಿಗೆಯಲ್ಲಿ ಅರವಟ್ಟಿಗೆ. ನಡೆಯುವವರಿಗೆ ಏನು ಬೇಕು ಅನ್ನುವುದು ನಡೆದೇ ಬದುಕಿದವರಿಗೆ ಗೊತ್ತಿತ್ತು. ನಾವು ಮ್ಯಾಪ್ ಹಿಡಿದು ಕೂತಾಗ ಮಾಡಬೇಕಾದ್ದೂ ಅದೇ, ಹೊರೆಗಲ್ಲು ಎಲ್ಲೆಲ್ಲಿ ಬರುತ್ತದೆ ಅಂತ ಗುರುತು ಹಾಕುವುದು. ಅರ್ಧ ದಿನಕ್ಕೆ ಹೋಗಿಬರುವುದೆಲ್ಲಾ ಸೇರಿ ನಾಲ್ಕೈದು ದಮ್ಮು ಸಾಕು.

ಹಂಪಿಯನ್ನು ತುಂಡು ಮಾಡಿ ನೋಡುವುದು

ಹಂಪಿ ಅಂದರೆ ಒಂದು ಜಾಗವಲ್ಲ. ನೋಡುವವರ ಲೆಕ್ಕದಲ್ಲಿ ಅದು ನಾಲ್ಕು ಗುಂಪು: ವಿರೂಪಾಕ್ಷ ಮತ್ತು ಬಜಾರು, ಕಮಲಾಪುರದ ರಸ್ತೆ ಬದಿಯ ಗುಡಿಗಳು, ರಾಜಾಂಗಣ, ವಿಠ್ಠಲ ದೇವಸ್ಥಾನ. ಗುಂಪಿನಿಂದ ಗುಂಪಿಗೆ ನಡೆಯಬಾರದು, ಆಟೋದಲ್ಲಿ ಹೋಗಬೇಕು. ದಿನದ ಲೆಕ್ಕಕ್ಕೆ ಆಟೋ ಮಾತಾಡಿಕೊಂಡು, ‘ನಮ್ಮನ್ನು ಇಳಿಸಿದ ಕಡೆಯಲ್ಲ, ಹತ್ತಿಸಿಕೊಳ್ಳುವ ಕಡೆ ನಿಲ್ಲಿ’ ಅಂತ ಹೇಳಿಬಿಟ್ಟರೆ ವಾಪಸ್ ದಾರಿಯೇ ಉಳಿಯುತ್ತದೆ.

ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಹೊಸಪೇಟೆಗೆ ಬೆಳಗ್ಗೆ ಇಳಿಯುವವರು ನೇರವಾಗಿ ನೋಡಲು ಹೊರಡಬೇಡಿ. ಹಂಪಿ ಅಲ್ಲಿಂದ ಬರೀ 12 ಕಿಲೋಮೀಟರ್, ಆಸೆಯಾಗುವುದು ಸಹಜ. ಆದರೆ ಅರ್ಧ ನಿದ್ದೆಯಲ್ಲಿರುವ ಕಾಲು ಎಡವುತ್ತದೆ. ಸ್ನಾನ, ತಿಂಡಿ, ಒಂದು ನಿದ್ದೆ. ಸಂಜೆ ನಾಲ್ಕಕ್ಕೆ ಹೊರಡಿ.

ಮೊದಲ ಸಂಜೆಗೆ ರಸ್ತೆ ಬದಿಯ ಗುಂಪೇ ಸರಿ. ಸಾಸಿವೆಕಾಳು ಗಣೇಶ, ಕಡಲೆಕಾಳು ಗಣೇಶ, ಕೃಷ್ಣ ದೇವಸ್ಥಾನ, ಉಗ್ರನರಸಿಂಹ, ಬಡವಿಲಿಂಗ ಎಲ್ಲವೂ ಆಟೋ ಇಳಿದು ಸ್ವಲ್ಪ ದೂರಕ್ಕೇ ಸಿಗುತ್ತವೆ. 6.7 ಮೀಟರ್ ಎತ್ತರದ ನರಸಿಂಹನನ್ನು ನೋಡಲು ಹತ್ತುವುದೇನೂ ಇಲ್ಲ. ತಲೆ ಎತ್ತಿದರೆ ಸಾಕು. ಕಾಲಿಗೆ ಕಡಿಮೆ ಕೆಲಸ, ಕಣ್ಣಿಗೆ ಜಾಸ್ತಿ. ಹೇಮಕೂಟದ ಸೂರ್ಯಾಸ್ತ ಬೇಕು ಅನ್ನುವವರು ಈ ಕಡೆಯಿಂದಲೇ ನಿಧಾನಕ್ಕೆ ಹೋಗಬಹುದು. ಅದು ಇಳಿಜಾರಾದ ಹಾಸುಬಂಡೆ, ಮಳೆ ಬಂದಿದ್ದರೆ ಮಾತ್ರ ಬೇಡವೇ ಬೇಡ. ಕತ್ತಲಾಗುವ ಮುಂಚೆ ಇಳಿದುಬಿಡಿ.

ಎರಡನೇ ದಿನ ಬೆಳಗ್ಗೆ ವಿಠ್ಠಲ. ವಿರೂಪಾಕ್ಷನ ಕಡೆಯಿಂದ ಹೊಳೆ ದಂಡೆಯ ದಾರಿ ಎರಡು ಕಿಲೋಮೀಟರ್, ತುಂಬಾ ಚೆಂದ, ಆದರೆ ಬಂಡೆ, ಮೆಟ್ಟಿಲು ಇದ್ದೇ ಇದೆ. ಅದನ್ನು ಬಿಡಿ. ಕಮಲಾಪುರ ಸುತ್ತಿಕೊಂಡು ಗಾಡಿಯಲ್ಲಿ ಹೋದರೆ ಪಾರ್ಕಿಂಗ್‌ನಿಂದ ದೇವಸ್ಥಾನದವರೆಗೆ ಬ್ಯಾಟರಿ ಗಾಡಿ ಇದೆ. ಒಂದು ಕಿಲೋಮೀಟರ್ ಮಣ್ಣುದಾರಿ ಅದರಲ್ಲೇ ಕಳೆಯುತ್ತದೆ. ಗಾಡಿಗೆ ಸಾಲು ಬೆಳೆಯುವ ಮುಂಚೆ, ಬೇಗ ಹೋಗುವುದು ಒಳ್ಳೆಯದು. ಒಳಗಿನ ಅಂಗಳವೇ ಸುಮಾರು 150 ಮೀಟರ್ ಉದ್ದ ಇದೆ. ಸುತ್ತ ಒಂದು ಪ್ರದಕ್ಷಿಣೆ ಅಂದರೆ ಒಂದು ದಮ್ಮು ಮುಗಿದುಹೋಯಿತು, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಇಲ್ಲಿ ಪೂಜೆ ನಡೆಯುವುದಿಲ್ಲ, ಚಪ್ಪಲಿ ಬಿಡಬೇಕಾಗಿಲ್ಲ.

ಅದೇ ಟಿಕೆಟ್ ಅವತ್ತೇ ಕಮಲ ಮಹಲು, ಗಜಶಾಲೆ ಇರುವ ಆವರಣಕ್ಕೂ ಆಗುತ್ತದೆ. ಅದು ಸಂಜೆಗಿರಲಿ, ಮಧ್ಯಾಹ್ನ ಮಲಗಿ ಎದ್ದ ಮೇಲೆ. ಹುಲ್ಲುಹಾಸು, ಮರದ ನೆರಳು, ಬಹುಪಾಲು ಸಮ ನೆಲ. ಹನ್ನೊಂದು ಗುಮ್ಮಟದ ಕೋಣೆಗಳ ಗಜಶಾಲೆಯನ್ನು ಎದುರಿನ ಹುಲ್ಲಿನ ಮೇಲೆ ಕೂತೇ ಪೂರ್ತಿ ನೋಡಬಹುದು. ಮಹಾನವಮಿ ದಿಬ್ಬದ ಬಗ್ಗೆ ಒಂದು ಮಾತು. ಎಲ್ಲರೂ ಅದರ ಮೇಲೆ ಹತ್ತಲು ಓಡುತ್ತಾರೆ. ಮೇಲೆ ಹೋದರೆ ಸುತ್ತಲಿನ ಪಾಯಗಳು ಕಾಣುತ್ತವೆ, ನಿಜ. ಆದರೆ ಆನೆ, ಕುದುರೆ, ಬೇಟೆಗಾರರು, ಕುಣಿಯುವವರು, ಈ ಕೆತ್ತನೆ ಎಲ್ಲಾ ಇರುವುದು ಕೆಳಗೆ, ದಿಬ್ಬದ ಪಕ್ಕೆಗಳಲ್ಲಿ. ಹತ್ತದವರಿಗೆ ನಷ್ಟ ಏನಿಲ್ಲ.

ವಿರೂಪಾಕ್ಷನನ್ನು ಮೂರನೇ ದಿನ ಬೆಳಗ್ಗೆಗೆ ಇಟ್ಟುಕೊಳ್ಳಿ, ನೆಲ ಇನ್ನೂ ತಣ್ಣಗಿರುವಾಗ. ಅಲ್ಲಿ ಬರಿಗಾಲು.

ಮಾತಂಗ ಬೆಟ್ಟ? ಅದು ಕಿರಿಯರದು. ಬೆಳಗಿನ ಜಾವ ಹೋಗಿ ಸೂರ್ಯೋದಯ ನೋಡಿ, ಹಿರಿಯರು ಕಾಫಿ ಕುಡಿಯುವ ಹೊತ್ತಿಗೆ ಬಂದುಬಿಡಲಿ. ಯಾರೂ ಯಾರನ್ನೂ ಕಾಯಬೇಕಾಗಿಲ್ಲ.

ಬಿಸಿಲು, ನೀರು, ಮಾತ್ರೆ

ಹಂಪಿಗೆ ನವೆಂಬರಿನಿಂದ ಫೆಬ್ರವರಿವರೆಗೆ ಹೋಗುವುದು ವಾಸಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಜೊತೆಗೆ ಅಲ್ಲಿ ಎಲ್ಲೆಲ್ಲೂ ಬಂಡೆ. ಹಗಲೆಲ್ಲಾ ಕಾದ ಹೆಂಚು ಒಲೆ ಆರಿಸಿದ ಮೇಲೂ ಬಿಸಿ ಇರುತ್ತದಲ್ಲ, ಹಾಗೆ ಸೂರ್ಯ ಇಳಿದ ಮೇಲೂ ಬಂಡೆ ಕಾವು ಉಗುಳುತ್ತಲೇ ಇರುತ್ತದೆ. ಯಾವ ತಿಂಗಳಾದರೂ ಹತ್ತರಿಂದ ನಾಲ್ಕರವರೆಗೆ ಒಳಗಿರುವುದು ಕ್ಷೇಮ.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಮೈಗೆ ನೀರು ಬೇಕಿದ್ದರೂ ಬಾಯಿ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಯಾರೂ ಹೇಳುವುದಿಲ್ಲ: ಟಾಯ್ಲೆಟ್ ಎಲ್ಲಿದೆ ಗೊತ್ತಿಲ್ಲದ ಕಡೆ ಅಮ್ಮಂದಿರು ಬೇಕಂತಲೇ ನೀರು ಕುಡಿಯುವುದಿಲ್ಲ. ‘ನೀರು ಕುಡೀರಿ’ ಅಂತ ಗದರಿದರೆ ಪ್ರಯೋಜನ ಇಲ್ಲ. ಟಿಕೆಟ್ ಕೌಂಟರಿನಲ್ಲೇ ಟಾಯ್ಲೆಟ್ ಎಲ್ಲಿದೆ ಕೇಳಿ, ಅವರಿಗೆ ತೋರಿಸಿ. ಆಮೇಲೆ ಅವರೇ ಬಾಟಲಿ ಕೇಳುತ್ತಾರೆ.

ಮೂತ್ರ ಜಾಸ್ತಿ ಮಾಡಿಸುವ ‘ನೀರಿನ ಮಾತ್ರೆ’ ತಗೊಳ್ಳುವವರು ಪ್ರವಾಸದ ದಿನ ಅದನ್ನು ತಾವಾಗಿಯೇ ಬಿಟ್ಟುಬಿಡುವುದುಂಟು. ಹಾಗೆ ಬಿಡುವುದು ಅಪಾಯ. ಎಷ್ಟು ಹೊತ್ತಿಗೆ ತಗೊಳ್ಳಬಹುದು, ನೀರು ಎಷ್ಟು ಕುಡಿಯಬಹುದು ಅಂತ ಹೊರಡುವ ಮುಂಚೆ ಡಾಕ್ಟರನ್ನು ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತಗೊಳ್ಳುವವರಿಗೆ ನಡಿಗೆ ಜಾಸ್ತಿಯಾಗಿ ಊಟ ತಡವಾದರೆ ಸಕ್ಕರೆ ಧಿಡೀರನೆ ಇಳಿಯಬಹುದು. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತಡವರಿಸುತ್ತದೆ, ಸುಮ್ಮನೆ ಸಿಟ್ಟು ಬರುತ್ತದೆ. ದೊಡ್ಡಪ್ಪ ಕೃಷ್ಣ ದೇವಸ್ಥಾನದಲ್ಲಿ ಕಾರಣವಿಲ್ಲದೆ ನನ್ನ ಮೇಲೆ ರೇಗಿದರು. ಅವರ ಸ್ವಭಾವ ಅದಲ್ಲ. ಅಕ್ಕ ಅವರ ಕೈ ಮುಟ್ಟಿ ನೋಡಿದಳು, ಒದ್ದೆ. ಗ್ಲೂಕೋಸ್ ಕರಗಿಸಿ ಕೊಟ್ಟ ಹದಿನೈದು ನಿಮಿಷಕ್ಕೆ ‘ಏನೋ ಅಂದ್ಬಿಟ್ನೇನೋ’ ಅಂತ ನಕ್ಕರು. ಸಕ್ಕರೆ ಪೊಟ್ಟಣ ಜೇಬಿನಲ್ಲಿರಬೇಕು, ಕಾರಿನಲ್ಲಲ್ಲ.

ಹೊಟ್ಟೆ ತುಂಬಾ ಉಂಡ ಕೂಡಲೇ ನಡೆಸಬೇಡಿ. ವಯಸ್ಸಾದ ಕೆಲವರಿಗೆ ಊಟವಾದ ಮೇಲೆ ಬಿಪಿ ಇಳಿಯುತ್ತದೆ. ಒಂದು ಗಂಟೆ ಕೂತಿರಲಿ.

ಕತ್ತಲ ಗುಡಿ, ಎತ್ತರದ ಹೊಸ್ತಿಲು

ಬಿದ್ದುಬಿಡುವುದು ಬೆಟ್ಟದ ಮೇಲೇ ಆಗಬೇಕಿಲ್ಲ. ಬಾಗಿಲಲ್ಲೂ ಆಗುತ್ತದೆ.

ಹೊರಗೆ ಕಣ್ಣು ಕುಕ್ಕುವ ಬೆಳಕು, ಒಳಗೆ ಎಣ್ಣೆ ದೀಪದ ಕತ್ತಲು. ನಮಗೆ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಕಣ್ಣು ಹೊಂದಿಕೊಳ್ಳುತ್ತದೆ. ಎಪ್ಪತ್ತು ದಾಟಿದವರ ಕಣ್ಣಿನ ಪಾಪೆ ಕತ್ತಲಲ್ಲೂ ಅಷ್ಟು ಅಗಲವಾಗುವುದಿಲ್ಲ, ಹೊಂದಿಕೊಳ್ಳುವುದೂ ನಿಧಾನ. ಅವರಿಗೆ ಇನ್ನೂ ಏನೂ ಕಾಣದಿರುವಾಗಲೇ ಕಲ್ಲಿನ ಹೊಸ್ತಿಲು ಬರುತ್ತದೆ, ಅರ್ಧ ಅಡಿ, ಮುಕ್ಕಾಲು ಅಡಿ ಎತ್ತರ. ಹಿಂದಿನಿಂದ ಜನ ‘ಮುಂದೆ ಹೋಗ್ರಿ’ ಅನ್ನುತ್ತಿರುತ್ತಾರೆ. ಮುಂದೆ ಹೋಗಬೇಡಿ. ಪಕ್ಕಕ್ಕೆ ಸರಿದು ಕಂಬ ಹಿಡಿದು ಒಂದು ನಿಮಿಷ ನಿಲ್ಲಿ, ಆಮೇಲೆ ದಾಟಿ. ಹೊರಗೆ ಬರುವಾಗಲೂ ಹಾಗೇ. ಬೈಫೋಕಲ್ ಕನ್ನಡಕ ಹಾಕುವವರಿಗೆ ಕೆಳಗಿನ ಓದುವ ಗಾಜಿನಿಂದ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಇಳಿಯುವಾಗ ಗಲ್ಲ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ, ಮೇಲಿನ ಗಾಜಿನಿಂದ ನೋಡಬೇಕು.

ಹೊಸ ಶೂ ಕೊಡಿಸುವವರಿದ್ದರೆ ಒಂದು ತಿಂಗಳು ಮುಂಚೆ ಕೊಡಿಸಿ. ಹೊಸಪೇಟೆಯಲ್ಲಿ ಡಬ್ಬ ಬಿಚ್ಚಬೇಡಿ.

ಯಾವಾಗ ನಿಲ್ಲಿಸಿಬಿಡಬೇಕು

ಸುಸ್ತು ಬೇರೆ, ಅಪಾಯ ಬೇರೆ. ಕೂತು ನೀರು ಕುಡಿದು ಐದತ್ತು ನಿಮಿಷಕ್ಕೆ ಮುಖಕ್ಕೆ ಕಳೆ ಬಂದರೆ ಸುಸ್ತು. ಎದೆ ಹಿಡಿದಂತಾಗುವುದು, ಅದು ತೋಳಿಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಕೂತರೂ ಇಳಿಯದ ಏದುಸಿರು, ಒಂದು ಕಡೆಯ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಬಿಸಿಲಲ್ಲಿ ಗೊಂದಲವಾಗಿ ಏನೇನೋ ಮಾತಾಡುವುದು ಕಂಡರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ‘ಗ್ಯಾಸ್ ಇರ್ಬೇಕು ಬಿಡಿ’ ಅಂತ ಸೋಡಾ ಕುಡಿಸುತ್ತಾ ಕೂರುವ ಹೊತ್ತಲ್ಲ ಅದು. ಮಾತ್ರೆಗಳ ಚೀಟಿಯ ಫೋಟೋ ಗುಂಪಿನ ಇಬ್ಬರ ಫೋನಿನಲ್ಲಾದರೂ ಇರಲಿ.

ನಡೆದಾಗ ಮೀನಖಂಡ ಹಿಂಡಿದಂತೆ ನೋಯುತ್ತದೆ, ನಿಂತರೆ ಹೋಗುತ್ತದೆ, ಮತ್ತೆ ನಡೆದರೆ ಅಷ್ಟೇ ದೂರಕ್ಕೆ ಮತ್ತೆ ಬರುತ್ತದೆ ಅನ್ನುವವರಿದ್ದಾರೆ. ಅದು ವಯಸ್ಸಿನ ನೋವು ಅಂತ ಬಿಡಬೇಡಿ. ಕಾಲಿನ ರಕ್ತನಾಳ ಕಿರಿದಾದಾಗ ಹೀಗಾಗುತ್ತದೆ. ಪ್ರವಾಸಕ್ಕೆ ಮುಂಚೆ ಡಾಕ್ಟರಿಗೆ ತೋರಿಸಬೇಕಾದ್ದು.

ಕೂತಲ್ಲೇ ನೋಡುವುದು

ಇಷ್ಟೆಲ್ಲಾ ಮಾಡಿದರೂ ‘ನಾನಿಲ್ಲೇ ಕೂತಿರ್ತೀನಿ’ ಅನ್ನುವ ಮಾತು ಬಂದೇ ಬರುತ್ತದೆ. ಬರಲಿ. ಎಲ್ಲಿ ಕೂರುತ್ತಾರೆ ಅನ್ನುವುದನ್ನು ನಾವು ಮೊದಲೇ ಹುಡುಕಿಟ್ಟಿದ್ದರೆ ಆಯಿತು. ನೆರಳಿರಬೇಕು, ಒರಗಲು ಏನಾದರೂ ಇರಬೇಕು, ಫೋನಿಗೆ ಸಿಗ್ನಲ್ ಇರಬೇಕು, ಜೊತೆಗೊಬ್ಬರು ಇರಬೇಕು. ತಿಂಡಿ ಕೈಯಲ್ಲಿರಬಾರದು, ಹಂಪಿಯ ಮಂಗಗಳು ವಯಸ್ಸು ನೋಡುವುದಿಲ್ಲ. ಮತ್ತೆ ಎದುರಿಗೆ ನೋಡಲು ಏನಾದರೂ ಇರಬೇಕು. ಪಾರ್ಕಿಂಗ್ ಜಾಗದಲ್ಲಿ ಕಾರಿನ ಬಾಗಿಲು ತೆಗೆದು ಕೂರಿಸಿ ಹೋಗುವುದು ಕೂರಿಸಿದಂತಲ್ಲ.

ಎರಡನೇ ಸಲ ಹೋದಾಗ ವಿಠ್ಠಲ ದೇವಸ್ಥಾನದಲ್ಲಿ ಅಮ್ಮನನ್ನು ಕಲ್ಲಿನ ರಥಕ್ಕೆ ಎದುರಾಗಿ, ಮಂಟಪದ ನೆರಳಿನಲ್ಲಿ ಸ್ಟೂಲ್ ಹಾಕಿ ಕೂರಿಸಿದೆವು. ಅಕ್ಕನ ಮಗಳು ಜೊತೆಗಿದ್ದಳು. ನಾವು ಸುತ್ತಿಕೊಂಡು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಅಮ್ಮ ಪರ್ಸಿನಿಂದ 50 ರೂಪಾಯಿ ನೋಟು ತೆಗೆದು, ಅದರ ಹಿಂದಿನ ರಥದ ಚಿತ್ರವನ್ನೂ ಎದುರಿನ ರಥವನ್ನೂ ಹೋಲಿಸುತ್ತಿದ್ದರು.

‘ಅಲ್ಲಾ ಕಣ್ರೋ, ಆನೆ ಹಿಂದೆ ಕಲ್ಲಲ್ಲಿ ಅದೇನೋ ಮುರಿದಿರೋ ಕಾಲು ಇದ್ಯಲ್ಲ, ಅದು ಆನೇದಲ್ಲ, ಕುದುರೇದು ಅಲ್ವಾ?’

ಗೈಡ್ ನಕ್ಕ. ಮೊದಲು ರಥಕ್ಕೆ ಕುದುರೆಗಳೇ ಇದ್ದವಂತೆ. ಈಗಿರುವ ಪುಟ್ಟ ಆನೆಗಳನ್ನು ಆಮೇಲೆ ತಂದು ಇಟ್ಟದ್ದು. ಕುದುರೆಯ ಹಿಂಗಾಲು, ಬಾಲದ ಗುರುತು ಹಿಂದೆ ಇನ್ನೂ ಉಳಿದಿದೆ. ಅದಕ್ಕೂ ಮುಂಚೆ ನಾನು ಆ ರಥದ ಮುಂದೆ ಮೂರು ಸಲ ನಿಂತು ಫೋಟೋ ತೆಗೆಸಿಕೊಂಡಿದ್ದೆ. ಮನೆಗೆ ಬಂದು ಆ ಮೂರೂ ಫೋಟೋ ತೆಗೆದು ನೋಡಿದೆ. ಮೂರರಲ್ಲೂ ಆ ಕಾಲಿಗೆ ನಾನೇ ಅಡ್ಡ ನಿಂತಿದ್ದೇನೆ.